ಕೆಲಸ ಸಿಗುವ ಮುನ್ನವೇ ಮೂರನೇ ಮನೆ: ಒಡವೆ ಮಾರಿ ಭೋಗ್ಯಕ್ಕೆ ಹೋಗಲೇ, ಊರಿಗೆ ಮರಳಲೇ?

ಪ್ರಶ್ನೆ: ಮೇಡಂ, ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ನಮ್ಮ ಮನೆಯವರು ಒಂದು ರೈಸ್ ಮಿಲ್ಲಿನಲ್ಲಿ 9 ವರ್ಷ ಆಪರೇಟರ್ ಆಗಿದ್ದರು, ಕೊನೆಗೆ ತಿಂಗಳಿಗೆ 13,000 ಸಂಬಳವಿತ್ತು. ಮೇ ತಿಂಗಳಲ್ಲಿ ಮಿಲ್ ನಿಂತಿತು. ಒಂದು ತಿಂಗಳ ಸಂಬಳ ಕೈಗಿಟ್ಟು ಎಲ್ಲರನ್ನೂ ಕಳಿಸಿಬಿಟ್ಟರು. ಜೂನ್‌ನಲ್ಲಿ ಬೆಂಗಳೂರಿಗೆ ಬಂದೆವು. ಮೊದಲು ಲಗ್ಗೆರೆಯಲ್ಲಿ ಮೈದುನನ ಮನೆ. ಒಂದೇ ರೂಮಿನಲ್ಲಿ ಏಳು ಜನ ಎರಡು ತಿಂಗಳು ಇದ್ದೆವು. ಆಮೇಲೆ ಒಂದು ವಠಾರದಲ್ಲಿ ಮನೆ ಹಿಡಿದೆವು. ಬಾಡಿಗೆ 6,000, ಅಡ್ವಾನ್ಸ್ 30,000. ಮೂರು ತಿಂಗಳೂ ತುಂಬಿಲ್ಲ, 'ಮಗಳು ಬರ್ತಾಳೆ, ವಾರದೊಳಗೆ ಖಾಲಿ ಮಾಡಿ' ಅನ್ನುತ್ತಿದ್ದಾರೆ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರಂತೆ. ಬ್ರೋಕರ್ ಒಬ್ಬರು 3 ಲಕ್ಷ ಕೊಟ್ಟರೆ ಭೋಗ್ಯಕ್ಕೆ ಮನೆ ಕೊಡಿಸುತ್ತೇನೆ, ಬಾಡಿಗೆಯ ತಲೆನೋವೇ ಇರಲ್ಲ ಅಂತಾರೆ. ನನ್ನ ಬೋರಮಾಳ ಸರ, ಬಳೆ ಮಾರಿದರೆ ಅಷ್ಟು ಹೊಂದುತ್ತದೆ. ಇವರಿಗೆ ಪೀಣ್ಯದಲ್ಲಿ ದಿನಗೂಲಿ ಮೇಲೆ ಕೆಲಸ ಸಿಗುತ್ತದೆ, ಸಿಗದ ದಿನವೂ ಇರುತ್ತದೆ. ಒಬ್ಬ ಏಜೆಂಟ್ 5,000 ಕಟ್ಟಿದರೆ ಪರ್ಮನೆಂಟ್ ಕೆಲಸ ಅಂತಿದ್ದಾನೆ. ಮಗಳಿಗೆ 9 ವರ್ಷ. ಟಿ.ಸಿ. ಬಂದಿಲ್ಲ ಅಂತ ಶಾಲೆಗೆ ಸೇರಿಸಿಕೊಂಡಿಲ್ಲ. ಅವಳು ಬ್ಯಾಗಿನಿಂದ ಪುಸ್ತಕ ತೆಗೆಯುವುದೇ ಇಲ್ಲ, 'ಅವ್ವಾ, ಈ ಮನಿ ಎಷ್ಟ್ ದಿನ' ಅಂತ ಕೇಳುತ್ತಾಳೆ. ಮಗನಿಗೆ 4 ವರ್ಷ. ಮಕ್ಕಳನ್ನು ಕರೆದುಕೊಂಡು ನಾನು ಊರಿಗೆ ಹೋಗಿಬಿಡಲೇ?
– ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ತಂಗಿ, ನಿಮ್ಮ ಪತ್ರ ಓದುತ್ತಾ '9 ವರ್ಷ' ಎಂಬಲ್ಲಿ ನಿಂತೆ. ನೀವು ಅದನ್ನು ಕೇಳಿಲ್ಲ, ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಐದು ವರ್ಷ ಬಿಡದೆ ಕೆಲಸ ಮಾಡಿದವರಿಗೆ, ಕೆಲಸ ಬಿಡುವಾಗ ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದ ಇಡಿಗಂಟು, ಕೊಡಲೇಬೇಕು. ಮಿಲ್ ಮುಚ್ಚಿದರೂ ಆ ಬಾಕಿ ಮುಚ್ಚಿಹೋಗುವುದಿಲ್ಲ. ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲ ಸಂಬಳ, ತುಟ್ಟಿಭತ್ಯೆ ಎರಡನ್ನೂ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ದುಡಿದ ವರ್ಷಗಳಿಂದ ಗುಣಿಸಬೇಕು. ನಿಮ್ಮವರ 13,000 ಪೂರ್ತಿ ಈ ಲೆಕ್ಕಕ್ಕೆ ಬರುವುದಾದರೆ ದಿನಕ್ಕೆ 500 ಆಯಿತು, 15 ದಿನಕ್ಕೆ 7,500, 9 ವರ್ಷಕ್ಕೆ 67,500 ರೂಪಾಯಿ. ಇದು ಯಾರೂ ದಾನ ಕೊಡುವ ದುಡ್ಡಲ್ಲ, ನಿಮ್ಮವರು ದುಡಿದಿಟ್ಟದ್ದು. ಮಿಲ್ ಮಾಲೀಕರಿಗೆ ಒಂದು ಅರ್ಜಿ ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಕೊಡದಿದ್ದರೆ ಕೊಪ್ಪಳದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ, ಗ್ರಾಚ್ಯುಟಿ ಅರ್ಜಿ ಎಲ್ಲಿ ಕೊಡಬೇಕೆಂದು ಅಲ್ಲೇ ಕೇಳಿ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ, ಆದರೂ ಇನ್ನು ದಿನ ದೂಡಬೇಡಿ. ಸಂಬಳ ಬ್ಯಾಂಕಿಗೆ ಬರುತ್ತಿದ್ದರೆ ಆ ಪಾಸ್‌ಬುಕ್ಕೇ ದೊಡ್ಡ ಸಾಕ್ಷಿ. ಕೈಗೆ ಕೊಡುತ್ತಿದ್ದರೆ ಹಾಜರಿ ಚೀಟಿ, ಗೇಟ್ ಪಾಸ್, ಜೊತೆಯಲ್ಲಿ ದುಡಿದವರ ಹೇಳಿಕೆ, ಯಾವುದು ಸಿಕ್ಕರೂ ಕೂಡಿಸಿ. ಅವರ ಜೊತೆ ಹೊರಬಿದ್ದ ಉಳಿದವರೂ ಒಟ್ಟಿಗೆ ಅರ್ಜಿ ಹಾಕಿದರೆ ಬಲ ಹೆಚ್ಚು. ಪಿ.ಎಫ್. ಹಿಡಿಯುತ್ತಿದ್ದರೇ ಎಂಬುದನ್ನೂ ನೋಡಿ. ಹಿಡಿದಿದ್ದರೆ ಅವರಿಗೊಂದು ಯು.ಎ.ಎನ್. ಎಂಬ ಕಾಯಂ ಪಿ.ಎಫ್. ನಂಬರ್ ಇರುತ್ತದೆ, ಹೊಸ ಕೆಲಸಕ್ಕೆ ಸೇರುವಾಗ ಅದನ್ನೇ ಕೊಡಬೇಕು.

ಇನ್ನು ಭೋಗ್ಯ. ಈಗ ಬೇಡ. ಮನೆ ಎಷ್ಟೇ ಚೆನ್ನಾಗಿದ್ದರೂ ಬೇಡ.

ಬೆಂಗಳೂರಿನಲ್ಲಿ ಭೋಗ್ಯ ಎಂದರೆ ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಪೂರ್ತಿ ವಾಪಸು ಪಡೆಯುವುದು. ನಿಂತ ಕೆಲಸ ಇರುವವರಿಗೆ, ಮಾಲೀಕರನ್ನು ಬಲ್ಲವರಿಗೆ ಇದು ಒಗ್ಗಬಹುದು. ನಿಮ್ಮವರಿಗೆ ನಾಳೆ ಕೆಲಸ ಸಿಗುವುದು ಪೀಣ್ಯದಲ್ಲೋ, ದಾಬಸ್‌ಪೇಟೆಯಲ್ಲೋ, ಬಿಡದಿಯಲ್ಲೋ, ಹೊಸಕೋಟೆಯಲ್ಲೋ ಯಾರಿಗೆ ಗೊತ್ತು? ಬಿಡದಿಯಲ್ಲಿ ಸಿಕ್ಕರೆ ಲಗ್ಗೆರೆಯ ಮನೆಯಲ್ಲಿ ಸಿಕ್ಕಿಕೊಂಡ 3 ಲಕ್ಷಕ್ಕಾಗಿ ಆ ಕೆಲಸ ಬಿಡುತ್ತೀರಾ? ನಡುವೆ ಹಣ ಕೇಳಿದರೆ ಬರುವ ಉತ್ತರ ನನಗೆ ಬಾಯಿಪಾಠ: 'ಮುಂದಿನ ಪಾರ್ಟಿ ಬಂದು ದುಡ್ಡು ಕೊಟ್ಟ ಮೇಲೆ ಕೊಡ್ತೀವಿ.' ನಿಮ್ಮ ಹಣವನ್ನು ಮಾಲೀಕರು ಅಷ್ಟರಲ್ಲಿ ಮಗಳ ಮದುವೆಗೋ ಮೇಲಿನ ಮಹಡಿಗೋ ಹಾಕಿರುತ್ತಾರೆ.

ಕಾಗದದ ಮಾತೂ ಇದೆ. ಬ್ರೋಕರ್‌ಗಳು ಛಾಪಾ ಕಾಗದದಲ್ಲಿ ಟೈಪ್ ಮಾಡಿಸಿ ನೋಟರಿ ಸೀಲ್ ಹಾಕಿಸಿ ಕೊಡುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲೀಸ್ ಆದರೂ, ಭೋಗ್ಯದ ಅಡಮಾನವಾದರೂ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು. ನೋಟರಿ ಸೀಲ್ ನೋಂದಣಿ ಅಲ್ಲ. ಆ ಕಟ್ಟಡದ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದು ಮಾಲೀಕರು ಕಂತು ಕಟ್ಟದಿದ್ದರೆ, ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದ ದಿನ ನಿಮ್ಮ ಕೈಯಲ್ಲಿರುವುದು ಆ ಟೈಪ್ ಮಾಡಿದ ಹಾಳೆ ಮಾತ್ರ. ಮುಂದೆ ಎಂದಾದರೂ ಭೋಗ್ಯಕ್ಕೆ ಹೋಗುವುದಾದರೆ ಇ.ಸಿ. (ಆಸ್ತಿಯ ಋಣಭಾರ ಪತ್ರ) ತೆಗೆಸಿ ನೋಡಿ, ಮನೆ ನಿಜವಾಗಿ ಯಾರ ಹೆಸರಲ್ಲಿದೆ ತಿಳಿದುಕೊಳ್ಳಿ, ಮಾಲೀಕರ ಖಾತೆಗೇ ಹಣ ಹಾಕಿ, ನೋಂದಣಿ ಮಾಡಿಸಿ. ಬ್ರೋಕರ್ ಕೈಗೆ ಒಂದು ರೂಪಾಯಿಯೂ ನಗದು ಕೊಡಬೇಡಿ. ಬೋರಮಾಳ ಸದ್ಯ ಕೊರಳಲ್ಲೇ ಇರಲಿ. ಆಸ್ಪತ್ರೆಯಂಥ ತುರ್ತು ಬಂದರೆ ಒಂದು ಗಂಟೆಯಲ್ಲಿ ಹಣವಾಗುವ ವಸ್ತು ನಿಮ್ಮಲ್ಲಿ ಅದೊಂದೇ.

ಈಗಿನ ಮನೆ. ತಿಂಗಳ ಬಾಡಿಗೆಗೆ ಇರುವವರಿಗೆ, ಕರಾರಿನಲ್ಲಿ ಬೇರೆ ಏನೂ ಬರೆದಿರದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆ ಪ್ರಕಾರ ಕನಿಷ್ಠ 15 ದಿನದ ನೋಟಿಸ್ ಕೊಡಬೇಕು. ವಾರದಲ್ಲಿ ಹೊರಡಿ ಎನ್ನುವಂತಿಲ್ಲ. ಬೀಗ ಹಾಕುವುದು, ಸಾಮಾನು ಬೀದಿಗಿಡುವುದು ಅಂತೂ ಆಗದ ಮಾತು. ಆದರೆ 30,000 ಇನ್ನೂ ಅವರ ಕೈಯಲ್ಲಿದೆ. ಆದ್ದರಿಂದ ಜಗಳಕ್ಕಿಂತ ಮಾತುಕತೆ ಲೇಸು. ಯಜಮಾನರ ಜೊತೆ ನೀವೂ ಹೋಗಿ ಹೇಳಿ: 'ನಿಮಗೆ ಮನೆ ಬೇಕು, ಬಿಡುತ್ತೇವೆ. ನೀವಾಗಿ ಬಿಡಿಸುತ್ತಿದ್ದೀರಿ, ಅದಕ್ಕೆ ಪೇಂಟಿಂಗ್ ಹಿಡಿಯಬೇಡಿ. ಅಡ್ವಾನ್ಸ್ ನಾವು ಬೀಗದ ಕೈ ಕೊಡುವ ದಿನವೇ ಕೊಡಿ.' ಮೂರು ತಿಂಗಳಲ್ಲಿ ಗೋಡೆ ಎಷ್ಟು ಕೆಟ್ಟೀತು? ಮುಕ್ಕಾಲು ಪಾಲು ಮಾಲೀಕರು ಈ ನ್ಯಾಯಕ್ಕೆ ತಲೆಬಾಗುತ್ತಾರೆ ಎಂಬುದು ನನ್ನ ಅನುಭವ. ಒಪ್ಪಿದ್ದನ್ನು ಅಂದೇ ಅವರ ವಾಟ್ಸ್‌ಆ್ಯಪ್‌ಗೆ ಬರೆದು ಕಳಿಸಿ.

ಮುಂದಿನ ಮನೆಗೆ ಸಂಜೆ ಹೊತ್ತು ಗಲ್ಲಿ ಗಲ್ಲಿ ನಡೆದು ಟು-ಲೆಟ್ ಬೋರ್ಡ್ ನೋಡಿ ನೀವೇ ಹುಡುಕಿ, ಬ್ರೋಕರ್‌ಗೆ ಕೊಡುವುದು ಉಳಿಯುತ್ತದೆ. ಕೇಂದ್ರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ ಅಷ್ಟೆ, ಅದನ್ನು ಹಿಡಿದು ವಾದಿಸಿದರೆ ನಿಮಗೆ ಮನೆ ಸಿಗದು. ಒಂದು ತಿಂಗಳ ಬಾಡಿಗೆ ಮುಂಚಿತವಾಗಿ ಕೊಡುತ್ತೇವೆ, ಅಡ್ವಾನ್ಸ್ ಕಡಿಮೆ ಮಾಡಿ ಎಂದು ಕೇಳಿ ನೋಡಿ. ಕರಾರು 11 ತಿಂಗಳದ್ದೇ ಇರಲಿ. ಎರಡು ಸಾಲು ಮಾತ್ರ ಸೇರಿಸಲು ಪಟ್ಟು ಹಿಡಿಯಿರಿ: ಯಾರು ಬಿಡಿಸಿದರೂ, ಯಾರು ಬಿಟ್ಟರೂ ಒಂದು ತಿಂಗಳ ನೋಟಿಸ್; ಮಾಲೀಕರೇ ಬಿಡಿಸಿದರೆ ಪೇಂಟಿಂಗ್ ಹಿಡಿಯುವಂತಿಲ್ಲ. ಸಾಮಾನು ಇಳಿಸುವ ಮೊದಲು ಗೋಡೆ, ನಲ್ಲಿ, ಕಿಟಕಿ ಎಲ್ಲವನ್ನೂ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಮೀಟರಿನ ಅಂಕಿಯ ಫೋಟೊ ತೆಗೆಯಿರಿ. ಹಳೇ ಮನೆಯಲ್ಲಿ ಗೃಹಜ್ಯೋತಿ ನಿಮ್ಮ ಆಧಾರ್‌ನಲ್ಲಿ ಆಗಿದ್ದರೆ ಆ ಮನೆಯ ಕರೆಂಟ್ ಬಿಲ್ಲಿನ ಆರ್.ಆರ್. ನಂಬರಿನಿಂದ ಡಿ-ಲಿಂಕ್ ಮಾಡಿಸಿ, ಇಲ್ಲವಾದರೆ ಹೊಸ ಮನೆಗೆ ಹತ್ತುವುದಿಲ್ಲ.

ರೇಷನ್‌ಗೆ ಊರಿಗೆ ಓಡಬೇಕಿಲ್ಲ. ಕಾರ್ಡಿನಲ್ಲಿ ಹೆಸರಿದ್ದವರು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಪಡೆಯಬಹುದು. ಅತ್ತೆ ಮಾವ ಅದೇ ಕಾರ್ಡಿನಲ್ಲಿದ್ದರೆ ಮಾತ್ರ ಮೊದಲು ಅವರ ಜೊತೆ ಮಾತಾಡಿಕೊಳ್ಳಿ.

5,000 ಕೇಳಿದ ಏಜೆಂಟ್‌ಗೆ ಐದು ಪೈಸೆಯೂ ಕೊಡಬೇಡಿ. ಕೆಲಸ ಕೊಡುವ ಫ್ಯಾಕ್ಟರಿ ಕೆಲಸಗಾರರಿಂದ ಹಣ ಕೇಳುವುದಿಲ್ಲ. ಈಗಾಗಲೇ ಫೋನ್‌ಪೇ ಮಾಡಿದ್ದರೆ ತಡಮಾಡದೆ 1930ಕ್ಕೆ, ಸೈಬರ್ ವಂಚನೆಯ ಸಹಾಯವಾಣಿಗೆ, ಕರೆ ಮಾಡಿ. ಮಿಲ್ಲಿನಲ್ಲಿ ಮೋಟರ್, ಬೆಲ್ಟ್, ಎಲಿವೇಟರ್ ನೋಡಿಕೊಂಡ ಕೈ ಅವರದು. ಬಯೊಡೇಟಾದಲ್ಲಿ ಬರೀ 'ರೈಸ್ ಮಿಲ್ ಆಪರೇಟರ್' ಎನ್ನದೆ, ಯಾವ ಯಾವ ಯಂತ್ರ ನಡೆಸಿದರು, ಏನೇನು ರಿಪೇರಿ ಮಾಡಿದರು ಎಂದು ಬಿಡಿಸಿ ಬರೆಯಲಿ. ಸಂಬಳ ಕೇಳುವಾಗ ಇ.ಎಸ್.ಐ., ಪಿ.ಎಫ್. ಇದೆಯೇ ಎಂದೂ ಕೇಳಲಿ.

ಈಗ ಮಗಳ ವಿಚಾರ. ನನಗೆ ಎಲ್ಲಕ್ಕಿಂತ ತುರ್ತಾಗಿ ಕಾಣುವುದು ಇದೇ. ನಾಳೆ ಬೆಳಿಗ್ಗೆ ಮನೆ ಹುಡುಕುವ ಮೊದಲು ಶಾಲೆಗೆ ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಸ್ಪಷ್ಟವಾಗಿದೆ: ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಸೇರಿಸಿಕೊಳ್ಳುವುದನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. ವರ್ಷದ ನಡುವೆ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಊರಿನ ಶಾಲೆಗೆ ಫೋನ್ ಮಾಡಿ ಅವಳ ಎಸ್.ಎ.ಟಿ.ಎಸ್. ನಂಬರ್ (ಇಲಾಖೆಯ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ನಂಬರ್) ಕೇಳಿ ಬರೆದುಕೊಂಡು ಹೋಗಿ, ಮುಖ್ಯೋಪಾಧ್ಯಾಯರಿಗೆ ಕೆಲಸ ಹಗುರವಾಗುತ್ತದೆ. ಆಗಲೂ ಇಲ್ಲವೆಂದರೆ ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪುಟದ ಅರ್ಜಿ ಕೊಡಿ.

ಅವಳ ಹಳೇ ನೋಟ್‌ಬುಕ್‌ಗಳನ್ನೂ ಟೀಚರ್‌ಗೆ ತೋರಿಸಿ, ಎಲ್ಲಿಗೆ ಪಾಠ ನಿಂತಿತ್ತು ಎಂದು ಹೇಳಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ನಮ್ಮ ಅಪ್ಪ ರಸ್ತೆ ಕಂಟ್ರಾಕ್ಟರ್ ಬಳಿ ರೋಡ್ ರೋಲರ್ ನಡೆಸುತ್ತಿದ್ದರು. ರಸ್ತೆ ಸಾಗಿದಂತೆ ನಮ್ಮ ಮನೆಯೂ ಸಾಗುತ್ತಿತ್ತು. ನಾನು ನಾಲ್ಕು ಶಾಲೆ ಕಂಡೆ, ಮೂರರಲ್ಲಿ ನಾನು ಸೇರುವ ಹೊತ್ತಿಗೆ ಭಾಗಾಕಾರ ಮುಗಿದಿತ್ತು. ಹೈಸ್ಕೂಲಿಗೆ ಬರುವವರೆಗೂ ನನಗದು ಬಂದಿರಲಿಲ್ಲ. ಯಾವ ಟೀಚರೂ ಕೆಟ್ಟವರಲ್ಲ, ಅವರಿಗೆ ಹೇಳುವವರು ಇರಲಿಲ್ಲ. ಮುಂದಿನ ಮನೆಯನ್ನು ಈ ಶಾಲೆಗೆ ನಡೆದು ಹೋಗುವ ದೂರದಲ್ಲೇ ಹುಡುಕಿ. ಮನೆ ಮತ್ತೆ ಬದಲಾದರೂ ಶಾಲೆ ಬದಲಾಗಬಾರದು. ಮಗನನ್ನು ಹತ್ತಿರದ ಅಂಗನವಾಡಿಗೆ ಕಳಿಸಿ. ಅಷ್ಟು ಹೊತ್ತು ನಿಮಗೂ ಉಸಿರಾಡಲು ಬೇಕು.

ಊರಿಗೆ ಹೋಗಲೇ ಎಂದು ಕೇಳಿದ್ದೀರಿ. ಈಗ ಹೊರಟರೆ ಮಗಳಿಗೆ ಒಂದೇ ವರ್ಷದಲ್ಲಿ ಎರಡನೇ ಸಲ ಊರು ಬದಲು, ಯಜಮಾನರಿಗೆ ಇಲ್ಲಿ ಒಂಟಿ ರೂಮು, ಹೋಟೆಲ್ ಊಟ. ಖರ್ಚು ಎರಡು ಕಡೆ. ಮುಂದಿನ ಏಪ್ರಿಲ್‌ವರೆಗೆ, ಶಾಲೆ ಮುಗಿಯುವವರೆಗೆ, ಜೊತೆಯಲ್ಲೇ ಇರಿ ಎನ್ನುತ್ತೇನೆ. ಅಷ್ಟರಲ್ಲಿ ತಿಂಗಳ ಸಂಬಳದ ಕೆಲಸ ಸಿಗದಿದ್ದರೆ, ಆಗ ಇಬ್ಬರೂ ಕೂತು ಯೋಚಿಸಿ ಮರಳುವುದರಲ್ಲಿ ಯಾವ ಅವಮಾನವೂ ಇಲ್ಲ. ಮಗಳಿಗೆ ಇದನ್ನು ಹಾಗೆಯೇ ಹೇಳಿ. 'ಈ ಮನಿ ಎಷ್ಟ್ ದಿನ' ಎಂದು ಕೇಳುವ ಮಗುವಿಗೆ 'ನಿನ್ನ ಪರೀಕ್ಷೆ ಮುಗಿಯೋತನಕ ಇದೇ ಶಾಲೆ' ಎಂಬ ಉತ್ತರ ಸಿಕ್ಕರೆ, ಅವಳು ಬ್ಯಾಗಿನಿಂದ ಪುಸ್ತಕ ತೆಗೆದಾಳು.

ಪ್ರಶ್ನೆ: ಪೊಲೀಸ್ ನೇಮಕಾತಿ ಪರೀಕ್ಷೆಗೆ ಓದಲು ಧಾರವಾಡದ ಸಪ್ತಾಪುರದಲ್ಲಿ ಪಿ.ಜಿ.ಯಲ್ಲಿದ್ದೆ. ಬಿಡುವಾಗ 8,000 ಡೆಪಾಸಿಟ್ 'ಮುಂದಿನ ವಾರ ಹಾಕ್ತೀವಿ' ಅಂದರು, ನಾಲ್ಕು ತಿಂಗಳಾಯಿತು. ಈಗ ನಾನು ಹಾವೇರಿಯಲ್ಲಿದ್ದೇನೆ. ಇಷ್ಟಕ್ಕೆ ಕೇಸು ಹಾಕಲು ಆಗುತ್ತದೆಯೇ? ಪ್ರತಿ ಸಲ ಧಾರವಾಡಕ್ಕೆ ಹೋಗಲು ಬಸ್ ಚಾರ್ಜಿಗೂ ದುಡ್ಡಿಲ್ಲ.
– ಒಬ್ಬ ಓದುಗ, ಹಾವೇರಿ

ಉತ್ತರ: ಧಾರವಾಡಕ್ಕೆ ಹೋಗಬೇಕಿಲ್ಲ. ದುಡ್ಡು ಪಡೆದು ವಸತಿ, ಊಟ ಕೊಡುವ ಪಿ.ಜಿ. ಒಂದು ಸೇವೆ, ನೀವು ಗ್ರಾಹಕರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೆಲಸ ಹುಡುಕುತ್ತಾ ಊರು ಬದಲಿಸುವ ನಿಮ್ಮಂಥವರಿಗೆ ಇದು ದೊಡ್ಡ ಅನುಕೂಲ. 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ.

ಮೊದಲು 1915ಕ್ಕೆ, ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ ದೂರು ದಾಖಲಿಸಿ. ಜೊತೆಗೆ ಪಿ.ಜಿ. ಮಾಲೀಕರಿಗೆ ಒಂದು ನೋಟಿಸ್ ಬರೆಯಿರಿ: ಸೇರಿದ ದಿನ, ಬಿಟ್ಟ ದಿನ, ಹಣ ಕಳಿಸಿದ ದಾಖಲೆ, '15 ದಿನದೊಳಗೆ ಹಿಂತಿರುಗಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ' ಎಂಬ ಒಂದು ಸಾಲು, ಇಷ್ಟು ಸಾಕು. ಕಾಗದ ತಲುಪಿದ ಮೇಲೆ ಹಣ ಬಂದ ಪ್ರಕರಣಗಳನ್ನು ನಾನು ಬಹಳ ನೋಡಿದ್ದೇನೆ. ಬರದಿದ್ದರೆ ಗ್ರಾಹಕ ಆಯೋಗಗಳ ಇ-ಜಾಗೃತಿ ಜಾಲತಾಣದಲ್ಲಿ ಮನೆಯಲ್ಲೇ ಕೂತು ದೂರು ಹಾಕಿ. ಕೇಸಿಗೆ ಎರಡು ವರ್ಷದ ಗಡುವು ಇದೆ, ಆದರೆ ನೋಟಿಸ್ ಈ ವಾರವೇ ಹೋಗಲಿ. 'ಮುಂದಿನ ವಾರ ಹಾಕ್ತೀವಿ' ಎಂದ ಆ ವಾಟ್ಸ್‌ಆ್ಯಪ್ ಸಂದೇಶ ಇದ್ದರೆ ಅದನ್ನು ಅಳಿಸಬೇಡಿ. ಹಣ ಬಾಕಿ ಇರುವುದನ್ನು ಅವರೇ ಒಪ್ಪಿ ಬರೆದ ಮಾತು ಅದು.