ದ್ರಾಕ್ಷಿ ಚಪ್ಪರದ ಕೆಳಗೆ ತಾನೇ ಓಡುವ ಗಾಡಿ: ವೈಫೈ ರೂಟರ್ ಸಾಕೇ?

ಸ್ವಾಮಿ, ಔಷಧ ಹೊಡೆಯಲು ತಾನೇ ಓಡುವ ಬ್ಯಾಟರಿ ಗಾಡಿ ಕಟ್ಟಿದ್ದೀರಿ. ಚಪ್ಪರದ ಕೆಳಗೆ ಜಿಪಿಎಸ್ ಅಡ್ಡಾದಿಡ್ಡಿ ತೋರಿಸುತ್ತಿದೆ, ತೋಟದ ನಾಲ್ಕು ಮೂಲೆಗೆ ವೈಫೈ ರೂಟರ್ ಇಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ದುಡ್ಡು ಹಾಕುವ ಮುಂಚೆ ಇದನ್ನು ಓದಿ.

ವೈಫೈ ಸಿಗ್ನಲ್ ಎಷ್ಟು ಜೋರಾಗಿದೆ ಎಂಬುದನ್ನು ನೋಡಿ ದೂರ ಊಹಿಸುವುದು ಬಯಲಿನಲ್ಲೇ ನೆಚ್ಚಿಕೊಳ್ಳುವಂಥದ್ದಲ್ಲ. ನಿಮ್ಮಲ್ಲಿ ತಲೆಯ ಮೇಲೆ ತಂತಿ ಜಾಲ, ಸುತ್ತ ನೀರು ತುಂಬಿದ ಎಲೆ. ಬಳ್ಳಿ ಸವರಿದಾಗ ಒಂದು ಲೆಕ್ಕ ಬರುತ್ತದೆ, ಎಲೆ ಮುಚ್ಚಿದಾಗ ಇನ್ನೊಂದು. ಮೊಬೈಲ್ ಟವರ್ ಸಿಗ್ನಲ್ಲಿನಿಂದಲೇ ಗಾಡಿಯ ಜಾಗ ತಿಳಿಯಬಹುದು ಎಂದು ಯಾರೋ ಸಲಹೆ ಕೊಟ್ಟಿದ್ದಾರೆ. 4ಜಿ ಟವರ್ ಫೋನಿನ ದೂರವನ್ನು ಅಂದಾಜು ಮಾಡುವ ಒಂದೊಂದು ಹಂತವೂ ಸುಮಾರು 78 ಮೀಟರ್. ಅಷ್ಟರಲ್ಲಿ ಗಾಡಿ ಪಕ್ಕದವರ ಹಿಪ್ಪುನೇರಳೆ ತೋಟ ಹೊಕ್ಕಿರುತ್ತದೆ!

ಆರ್‌ಟಿಕೆ ಜಿಪಿಎಸ್, ಅಂದರೆ ಜಾಗ ಗೊತ್ತಿರುವ ನೆಲದ ಕೇಂದ್ರದಿಂದ ಆಗಿಂದಾಗ್ಗೆ ತಿದ್ದುಪಡಿ ಪಡೆಯುವ ಜಿಪಿಎಸ್ ಬಗ್ಗೆ ನನಗೆ ತಕರಾರಿಲ್ಲ. ಸರ್ವೆ ಆಫ್ ಇಂಡಿಯಾದ ಕಾರ್ಸ್ (ಅಂಥ ಕೇಂದ್ರಗಳ) ಜಾಲದಿಂದ ಇಂಟರ್ನೆಟ್ ಮೂಲಕ ತಿದ್ದುಪಡಿ ಪಡೆದರೆ ಬಯಲಿನಲ್ಲಿ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ರಾಗಿ ಹೊಲವಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ ನಿಮ್ಮ ಆಂಟೆನಾಕ್ಕೆ ಆಕಾಶವೇ ಸರಿಯಾಗಿ ಕಾಣುವುದಿಲ್ಲ.

ನಿಮಗೆ ಬೇಕಾದದ್ದು ಅಲೆ ಬರಲು ಹಿಡಿದ ಸಮಯವನ್ನು ಅಳೆಯುವ ಅಲ್ಟ್ರಾ ವೈಡ್‌ಬ್ಯಾಂಡ್ ಮಾಡ್ಯೂಲ್. ರೇಡಿಯೊ ಅಲೆ ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂಟಿಮೀಟರ್ ಸಾಗುತ್ತದೆ. ಈ ಮಾಡ್ಯೂಲಿನ ಮಿಡಿತ ತೀರಾ ಗಿಡ್ಡ. ಹಾಗಾಗಿ ನೇರವಾಗಿ ಬಂದ ಅಲೆಯನ್ನು, ತಂತಿಗೆ ಬಡಿದು ತಡವಾಗಿ ಬಂದದ್ದರಿಂದ ಬೇರೆ ಮಾಡಿ ಗುರುತಿಸಬಲ್ಲದು. ಅಡ್ಡಿಯಿಲ್ಲದಿದ್ದರೆ ತಪ್ಪು 10 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ.

ಕೆಲಸ ಕೆಡುವುದು ಕೂರಿಸುವಾಗ. ತೋಟದಲ್ಲಿ ಕದಲದಂತೆ ಕಟ್ಟುವ ಮಾಡ್ಯೂಲಿಗೆ ಆಂಕರ್ ಎನ್ನುತ್ತಾರೆ, ಗಾಡಿಯ ಮೇಲಿನದಕ್ಕೆ ಟ್ಯಾಗ್. ಲೆಕ್ಕಕ್ಕೆ ಮೂರು ಆಂಕರ್ ಸಾಕು, ಆದರೂ ನಾಲ್ಕೈದು ಹಾಕಿ. ಎಲ್ಲವನ್ನೂ ಒಂದೇ ಸಾಲಿನ ಕಂಬಗಳಿಗೆ ಕಟ್ಟಬೇಡಿ. ಹಾಗೆ ಕಟ್ಟಿದರೆ ಗಾಡಿ ಆ ಸಾಲಿನ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುವುದಿಲ್ಲ. ಕಲ್ಲುಕಂಬಕ್ಕೆ ಅಂಟಿಸದೆ, ತಂತಿಯಿಂದ ದೂರಕ್ಕೆ ಚಾಚಿದ ಪಿವಿಸಿ ಪೈಪಿನ ತುದಿಗೆ ಕಟ್ಟಿ. ಆಂಕರ್‌ನಿಂದ ಆಂಕರ್‌ಗೆ ಟೇಪು ಹಿಡಿದೇ ಅಳೆಯಿರಿ. ಅಲ್ಲಿ ಒಂದಡಿ ತಪ್ಪಿದರೆ ಗಾಡಿಯ ಲೆಕ್ಕವೂ ತಪ್ಪಿತು.

ಗಾಡಿಯ ಮೇಲಿನ ಟ್ಯಾಗನ್ನು ಔಷಧದ ಟ್ಯಾಂಕಿಗಿಂತ ಎತ್ತರದಲ್ಲಿಡಿ. ತುಂಬಿದ ಟ್ಯಾಂಕ್ ನಡುವೆ ಬಂದರೆ ನೇರ ಅಲೆ ಸತ್ತು, ಸುತ್ತಿ ಬಂದದ್ದು ಮಾತ್ರ ಸಿಗುತ್ತದೆ. ದೂರ ಹೆಚ್ಚಾಗಿ ಕಾಣುತ್ತದೆ. ಒಂದೇ ಆಂಕರ್‌ನ ದೂರ ದಿಢೀರನೆ ಉದ್ದವಾದರೆ ಆ ಲೆಕ್ಕವನ್ನು ಕೈಬಿಡುವಂತೆ ಪ್ರೋಗ್ರಾಂ ಬರೆಸಿ.

ಚಕ್ರದ ಸುತ್ತು ಎಣಿಸುವ ಎನ್‌ಕೋಡರ್ ಇರಲಿ, ಆದರೆ ಅದೊಂದನ್ನೇ ನಂಬಬೇಡಿ. ಮಳೆ ಬಿದ್ದ ಕೆಮ್ಮಣ್ಣಿನಲ್ಲಿ ಚಕ್ರ ಜಾರಿದರೆ ಗಾಡಿ ನಿಂತಲ್ಲೇ ಇದ್ದರೂ ಮುಂದೆ ಹೋದೆ ಎನ್ನುತ್ತದೆ. ಆಂಕರ್‌ಗಳ ಲೆಕ್ಕ, ಚಕ್ರದ ಲೆಕ್ಕ ಎರಡನ್ನೂ ಕಾಲ್ಮನ್ ಫಿಲ್ಟರಿಗೆ, ಅಂದರೆ ಅವನ್ನು ತೂಗಿ ನೋಡಿ ಒಂದೇ ಅಂದಾಜು ಕೊಡುವ ಲೆಕ್ಕಾಚಾರಕ್ಕೆ, ಕೊಡಿ. ಆಂಕರ್‌ಗಳ ಸಂಪರ್ಕ ತಪ್ಪಿದ ತಕ್ಷಣ ಗಾಡಿ ನಿಲ್ಲಬೇಕು, ಪಂಪೂ ನಿಲ್ಲಬೇಕು. ಕೆಂಪು ಸ್ವಿಚ್ಚು ಬೇರೆಯೇ ಇರಲಿ, ಮೊಬೈಲಿನೊಳಗಲ್ಲ.

ಸಾಲಿನಿಂದ ಸಾಲಿಗೆ ಎಷ್ಟು ಅಡಿ, ಕಂಬ ಕಲ್ಲಿನದೋ ಕಬ್ಬಿಣದ್ದೋ ತಿಳಿಸಿ. ತೋಟದ ನಕ್ಷೆ ಹಾಕಿದರೆ ಆಂಕರ್ ಎಲ್ಲೆಲ್ಲಿ ಕಟ್ಟಬೇಕೆಂದು ಗುರುತು ಮಾಡಿ ಕೊಡುತ್ತೇನೆ.