ಕರಾಯಾನ್ ರೆಕಾರ್ಡಿಂಗ್‌ಗಳಲ್ಲಿ ನಿಮಗೆ ಯಾವುವು ಜಾಸ್ತಿ ಇಷ್ಟ?

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಾದ್ಯವೃಂದ ನಿರ್ದೇಶಕ ಹರ್ಬರ್ಟ್ ವಾನ್ ಕರಾಯಾನ್ ನೂರಾರು ರೆಕಾರ್ಡಿಂಗ್ ಮಾಡಿದ್ದಾರೆ. ಹೊಸಬರು 1961-62ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜೊತೆ ಮಾಡಿದ ಬೀಥೋವನ್ ಸಿಂಫನಿಗಳಿಂದ (ವಾದ್ಯವೃಂದಕ್ಕೆಂದು ಬರೆದ, ಹಲವು ಭಾಗಗಳ ದೊಡ್ಡ ಕೃತಿಗಳು) ಶುರು ಮಾಡಿ. ಏಳನೆಯದರ ಕೊನೆಯ ಭಾಗ ಕೇಳಿದರೆ ಸುಮ್ನೆ ಕೂರೋಕಾಗಲ್ಲ, ಅಷ್ಟು ಬಿರುಸು.

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸಂಗೀತ ರಚನಕಾರ ಬ್ರುಕ್ನರ್ ಅವರ ಎಂಟನೇ ಸಿಂಫನಿ. 1988ರಲ್ಲಿ ವಿಯೆನ್ನಾ ಫಿಲ್ಹಾರ್ಮೋನಿಕ್ ಜೊತೆ ಮಾಡಿದ್ದು. ಮರುವರ್ಷವೇ ಕರಾಯಾನ್ ತೀರಿಕೊಂಡರು. ಅದರ ಮೂರನೇ ಭಾಗ ತುಂಬಾ ನಿಧಾನ. ತಂತಿವಾದ್ಯಗಳ ನಾದ ಅಲೆ ಅಲೆಯಾಗಿ ಏರುತ್ತದೆ, ಎಲ್ಲೂ ಅವಸರವಿಲ್ಲ. ಮಧ್ಯೆ ನಿಲ್ಲಿಸದೆ, ಒಳ್ಳೆ ಹೆಡ್‌ಫೋನ್‌ನಲ್ಲಿ ಕೇಳಿ.

ಇನ್ನೊಂದನ್ನು ಕನ್ನಡಿಗರು ಕೇಳಲೇಬೇಕು. 1949ರಲ್ಲಿ ಕರಾಯಾನ್ ನಿರ್ದೇಶನದಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದ ನುಡಿಸಿದ, ರಷ್ಯಾದ ರಚನಕಾರ ಬಾಲಾಕಿರೆವ್ ಅವರ ಮೊದಲ ಸಿಂಫನಿ. ಅದಕ್ಕೆ ಹಣದ ನೆರವು ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್! ಮೋನೋ (ಸ್ಟೀರಿಯೋ ಅಲ್ಲದ, ಒಂದೇ ಚಾನೆಲ್‌ನ) ರೆಕಾರ್ಡಿಂಗ್ ಆದರೂ ಹುರುಪು ಚೂರೂ ಕಮ್ಮಿಯಿಲ್ಲ.