ಸಿಡಿ ಇಲ್ಲದೆ ನಮಗೆ ಬೇಕಾದ ಹಾಗೆ ವಿಂಡೋಸ್ ಇನ್‌ಸ್ಟಾಲರ್ ಮಾಡಿಕೊಳ್ಳಬಹುದೇ?

ಜಮಖಂಡಿಯ ನಿಮ್ಮ ಟೈಪಿಂಗ್ ಕ್ಲಾಸಿಗೆ ಒಂದೇ ಮಾಡೆಲ್‌ನ, 11ನೇ ಜನರೇಷನ್ ಇಂಟೆಲ್‌ನ ಎಂಟು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ದೀರಿ. ಜೊತೆಗೆ ಸಿಡಿ ಬಂದಿಲ್ಲ. ಡ್ರೈವರ್ (ವೈಫೈ, ಟಚ್‌ಪ್ಯಾಡ್‌ನಂಥ ಭಾಗಗಳನ್ನು ನಡೆಸುವ ಪ್ರೋಗ್ರಾಂ), ಕನ್ನಡ ಟೈಪಿಂಗಿನ ನುಡಿ ಎಲ್ಲ ಸೇರಿಸಿದ ಒಂದೇ ಪೆನ್‌ಡ್ರೈವ್ ಬೇಕು ಅಂತ ಕೇಳಿದ್ದೀರಿ. ಆಗುತ್ತದೆ ಸರ್. ವಿಜಯಪುರದಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ, ನಾನು ವಿಂಡೋಸ್ ಸಿಡಿ ಕೈಯಲ್ಲಿ ಹಿಡಿದು ವರ್ಷಗಳೇ ಆದವು.

ವಿಂಡೋಸ್ ಲೈಸೆನ್ಸಿನ ಕೀ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವಿಂಡೋಸ್ 8 ಬಂದಾಗಿನಿಂದ, ಕಂಪನಿಯೇ ವಿಂಡೋಸ್ ಹಾಕಿ ಮಾರಿದ ಲ್ಯಾಪ್‌ಟಾಪಿನಲ್ಲಿ ಅದು ಮದರ್‌ಬೋರ್ಡಿನ ಬಯಾಸ್ ಚಿಪ್‌ನಲ್ಲೇ ಕೂತಿರುತ್ತದೆ. ಉಳಿದಿದ್ದು ಬರೀ ಫೈಲ್‌ಗಳು, ಅವು ಮೈಕ್ರೋಸಾಫ್ಟ್ ಸೈಟಿನಲ್ಲಿ ಐಎಸ್ಒ (ಇಡೀ ಸಿಡಿಯನ್ನು ಒಂದೇ ಫೈಲ್ ಮಾಡಿದ್ದು) ಆಗಿ ಪುಕ್ಕಟೆ ಸಿಗುತ್ತವೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11ನ್ನೇ ಇಳಿಸಿಕೊಳ್ಳಿ. ಟೆಲಿಗ್ರಾಂನಲ್ಲಿ ತಿರುಗಾಡುವ ಲೈಟ್ ಐಎಸ್ಒಗಳನ್ನು ಮಾತ್ರ ಮುಟ್ಟಬೇಡಿ, ಒಳಗೆ ಏನು ತುಂಬಿರುತ್ತಾರೋ ದೇವರಿಗೇ ಗೊತ್ತು.

ಐಎಸ್ಒ ಬಿಚ್ಚಿ ಒಂದು ಫೋಲ್ಡರಿಗೆ ಹಾಕಿ. ಸೋರ್ಸಸ್ ಫೋಲ್ಡರಿನಲ್ಲಿ ನಮಗೆ ಬೇಕಾದವು ಎರಡೇ: ಬೂಟ್.ವಿಮ್ ಮತ್ತು ಇನ್‌ಸ್ಟಾಲ್.ವಿಮ್. ಮೊದಲನೆಯದು ಇನ್‌ಸ್ಟಾಲರ್ ಓಡಿಸುವುದು, ಎರಡನೆಯದು ಎಸ್‌ಎಸ್‌ಡಿಗೆ ಇಳಿಯುವ ವಿಂಡೋಸ್. ವಿಂಡೋಸ್ ಜೊತೆಗೇ ಬರುವ ಡಿಸ್ಮ್ ಟೂಲ್‌ನಿಂದ ಇವನ್ನು ಮೌಂಟ್ ಮಾಡಿ (ಅಂದರೆ ಫೋಲ್ಡರಿನಂತೆ ತೆರೆದು), ಡ್ರೈವರ್ ಸೇರಿಸಿ, ಬದಲಾವಣೆ ಉಳಿಸಲು ಕಮಿಟ್ ಕೊಟ್ಟು ಅನ್‌ಮೌಂಟ್ ಮಾಡಬೇಕು. ಡ್ರೈವರ್ ಹುಡುಕುತ್ತ ಕೂರಬೇಡಿ. ಎಲ್ಲ ಸರಿಯಾಗಿ ನಡೆಯುತ್ತಿರುವ ಒಂದು ಲ್ಯಾಪ್‌ಟಾಪಿನಲ್ಲಿ ಡಿಸ್ಮ್‌ಗೆ ಎಕ್ಸ್‌ಪೋರ್ಟ್ ಡ್ರೈವರ್ ಅಂದರೆ ಒಂದೇ ಫೋಲ್ಡರಿಗೆ ತಂದು ಸುರಿಯುತ್ತದೆ.

ಮೊದಲ ಸಲ ನಾನು ಒಂದು ಕಾಲೇಜಿನ ಲ್ಯಾಬಿಗೆ ಇದನ್ನು ಮಾಡಿದಾಗ ಡ್ರೈವರ್‌ಗಳನ್ನು ಇನ್‌ಸ್ಟಾಲ್.ವಿಮ್‌ಗೆ ಮಾತ್ರ ಹಾಕಿದ್ದೆ. ಬೂಟ್ ಆಯಿತು, ಆದರೆ ಡಿಸ್ಕ್ ಆರಿಸುವ ಪಟ್ಟಿ ಖಾಲಿ. ಹಿಂದೆ ನಿಂತಿದ್ದ ಲ್ಯಾಬಿನವರು, “ಹಾರ್ಡ್‌ಡಿಸ್ಕ್ ಹೋಗೇತೇನ್ರಿ?” ಅಂದರು. ಏನೂ ಹೋಗಿರಲಿಲ್ಲ. ಆ ಲ್ಯಾಪ್‌ಟಾಪ್‌ಗಳೂ ನಿಮ್ಮವುಗಳಂತೆ 11ನೇ ಜನರೇಷನ್. ಬಯಾಸ್‌ನಲ್ಲಿ ವಿಎಂಡಿ (ಎಸ್‌ಎಸ್‌ಡಿಯನ್ನು ನಿಭಾಯಿಸುವ ಇಂಟೆಲ್ ವ್ಯವಸ್ಥೆ) ಚಾಲೂ ಇದ್ದರೆ ಇಂಟೆಲ್‌ನ ಸ್ಟೋರೇಜ್ ಡ್ರೈವರ್ ಇಲ್ಲದೆ ಎಸ್‌ಎಸ್‌ಡಿ ಇನ್‌ಸ್ಟಾಲರಿನ ಕಣ್ಣಿಗೇ ಬೀಳುವುದಿಲ್ಲ. ಆ ಡ್ರೈವರ್ ಬೂಟ್.ವಿಮ್‌ನ ಎರಡನೇ ಇಂಡೆಕ್ಸಿಗೂ (ವಿಮ್ ಒಳಗಿನ ಒಂದೊಂದು ವಿಭಾಗಕ್ಕೆ ಇಂಡೆಕ್ಸ್ ಅನ್ನುತ್ತಾರೆ) ಹೋಗಬೇಕು.

ಅದನ್ನು ಸರಿಮಾಡಿದ ಮೇಲೆ ಇನ್ನೊಂದು ಫಜೀತಿ. ಇನ್‌ಸ್ಟಾಲ್.ವಿಮ್ ಒಳಗೆ ಹೋಮ್, ಪ್ರೊ, ಎಜುಕೇಷನ್ ಹೀಗೆ ಒಂದೊಂದು ಆವೃತ್ತಿಗೂ ಬೇರೆ ಇಂಡೆಕ್ಸ್. ನಾನು ಪ್ರೊಗೆ ತುಂಬಿದ್ದೆ. ಇನ್‌ಸ್ಟಾಲರ್ ನನ್ನನ್ನು ಒಂದು ಮಾತೂ ಕೇಳದೆ ಬಯಾಸ್‌ನ ಕೀ ಓದಿ ಹೋಮ್ ಸಿಂಗಲ್ ಲಾಂಗ್ವೇಜ್ ಇಳಿಸಿಬಿಟ್ಟಿತು. ವೈಫೈ ಇಲ್ಲ, ಟಚ್‌ಪ್ಯಾಡ್ ಇಲ್ಲ, ಅರ್ಧ ದಿನದ ಕೆಲಸ ನೀರುಪಾಲು. ನಮ್ಮಲ್ಲಿ ಮಾರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆ ಸಿಂಗಲ್ ಲಾಂಗ್ವೇಜೇ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಮಾರುವವರು ಎಲ್ಲಿಂದಲೋ ತಂದ ಕೀ ಹಾಕಿ ಪ್ರೊ ಮಾಡಿರುವುದೂ ಉಂಟು, ಹಾಗಾಗಿ ಈಗ ಪರದೆ ಮೇಲೆ ಕಾಣುವುದನ್ನು ನಂಬಬೇಡಿ. ಅನುಮಾನವಿದ್ದರೆ ಪ್ರೊ, ಸಿಂಗಲ್ ಲಾಂಗ್ವೇಜ್ ಎರಡೂ ಇಂಡೆಕ್ಸಿಗೆ ಹಾಕಿ.

ನುಡಿಯಂಥ ಪ್ರೋಗ್ರಾಂ ಡ್ರೈವರ್ ಹಾಗೆ ವಿಮ್ ಒಳಗೆ ಸೇರುವುದಿಲ್ಲ. ಇನ್‌ಸ್ಟಾಲ್ ಮುಗಿದೊಡನೆ ತಾನೇ ಓಡುವ ಸೆಟಪ್‌ಕಂಪ್ಲೀಟ್ ಸ್ಕ್ರಿಪ್ಟ್ ಬಳಸಿ ಅಂತ ಬಹಳ ಮಂದಿ ಹೇಳುತ್ತಾರೆ, ಆದರೆ ಬಯಾಸ್‌ನ ಆ ಕಂಪನಿ ಕೀ ಇರುವ ಹೋಮ್‌ನಲ್ಲಿ ಅದು ಓಡುವುದೇ ಇಲ್ಲ. ಪೆನ್‌ಡ್ರೈವಿನ ರೂಟ್‌ನಲ್ಲಿ ಆಟೋಅನ್‌ಅಟೆಂಡ್ ಎಂಬ ಎಕ್ಸ್‌ಎಂಎಲ್ ಫೈಲ್ ಇಟ್ಟು, ಮೊದಲ ಲಾಗಿನ್‌ಗೆ ನುಡಿಯ ಸೆಟಪ್ ಓಡುವಂತೆ ಬರೆಯಿರಿ. ಡಿಸ್ಕ್ ತಾನಾಗಿಯೇ ಅಳಿಸಿಕೊಳ್ಳುವ ಸಾಲನ್ನು ಮಾತ್ರ ಅದರಲ್ಲಿ ಬರೆಯಬೇಡಿ. ಅದೇ ಪೆನ್‌ಡ್ರೈವ್ ನಾಳೆ ಯಾರದೋ ಮದುವೆ ಫೋಟೋ ಇರುವ ಲ್ಯಾಪ್‌ಟಾಪಿಗೆ ಹೋಗುತ್ತದೆ.

ಇನ್‌ಸ್ಟಾಲ್.ವಿಮ್ 4 ಜಿಬಿ ದಾಟಿದರೆ ಫ್ಯಾಟ್32 ಫಾರ್ಮ್ಯಾಟಿನ ಪೆನ್‌ಡ್ರೈವ್ ಅದನ್ನು ಹಿಡಿಯುವುದಿಲ್ಲ. ಡಿಸ್ಮ್‌ನಿಂದಲೇ 3800 ಎಂಬಿ ತುಂಡು ಮಾಡಿ, ಇಲ್ಲವೇ ರೂಫಸ್ ಎಂಬ ಟೂಲ್‌ನಿಂದ ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿ.

ಈ ಕೆಲಸ ಡೆಸ್ಕ್‌ಟಾಪಿನಲ್ಲಿ ಮಾಡುವುದಾದರೆ ಯುಪಿಎಸ್ ಬೇಕೇ ಬೇಕು. ಬೇಸಿಗೆಯ ಒಂದು ಮಧ್ಯಾಹ್ನ ಕಮಿಟ್ 80 ಪರ್ಸೆಂಟ್ ದಾಟಿತ್ತು, ಕರೆಂಟ್ ಹೋಯಿತು, ವಿಮ್ ಕೆಟ್ಟಿತು. ಮೂಲ ಐಎಸ್ಒ ಬೇರೆ ಕಡೆ ಇಟ್ಟಿದ್ದರಿಂದ ಬದುಕಿದೆ.

ಮೊದಲು ಒಂದೇ ಲ್ಯಾಪ್‌ಟಾಪಿಗೆ ಹಾಕಿ. ಇಂಟರ್ನೆಟ್ ಕೇಳುವ ಪರದೆಯಲ್ಲಿ ಅಕ್ಕಪಕ್ಕದವರ ವೈಫೈ ಹೆಸರು ಕಂಡವು ಅಂದರೆ ಡ್ರೈವರ್ ಕೂತಿದೆ. ಆಮೇಲೆ ಉಳಿದ ಏಳಕ್ಕೆ ಕೈ ಹಚ್ಚಿರಿ.